ಅರ್ಧ ಹೊಡೆದ ಹೊಲ

ಜುಲೈ 4, ಶುಕ್ರವಾರ

ಮೇಡಂ ಕೊಟ್ಟ ಹಾಳೆಯಲ್ಲಿ ಎಲೆಯ ಬಣ್ಣ, ಗಿಡದ ಎತ್ತರ, ಗಾಳಿ ಬೀಸಿದ ದಿಕ್ಕು ಎಲ್ಲ ಬರೆದುಕೊಟ್ಟು ಬಂದೆ. ಅದು ಅವರಿಗೆ, ಇದು ನನಗೆ. ಹೊಲಕ್ಕೆ ಔಷಧಿ ಹೊಡೆಯುವವನು ಮನೆಯಲ್ಲಿ ಕೂತು ದಿನಚರಿ ಬರೆಯುತ್ತಾನೆ ಅಂತ ಗೊತ್ತಾದರೆ ಟೀ ಅಂಗಡಿಯಲ್ಲಿ ನನ್ನ ಮಾನ ಹರಾಜು. ಊರಲ್ಲಿ ನನ್ನನ್ನು ಕರೆಯುವುದೇ ಪಂಪು ಅಂತ. ಬೆನ್ನಿಗೆ ಪಂಪು ಕಟ್ಟಿಕೊಂಡು ಶುರು ಮಾಡಿದವನು ಈಗ ಟ್ರ್ಯಾಕ್ಟರಿಗೆ ಡ್ರಮ್ಮು ಕಟ್ಟಿದ್ದೇನೆ. ಪಂಪು ಬೆನ್ನಿನಿಂದ ಇಳಿಯಿತು, ಹೆಸರು ಇಳಿಯಲಿಲ್ಲ.

ಮೇಡಂ ಕೃಷಿ ಸಂಶೋಧನಾ ಕೇಂದ್ರದವರು. ನಮ್ಮ ಭಾವನ ಹೊಲದ ಮಣ್ಣು ನೋಡಿ, ಇದರಲ್ಲಿ ಸತು ಗಿಡಕ್ಕೆ ಸಿಗುತ್ತಿಲ್ಲ ಅಂದರು. ಅದಕ್ಕೇ ಮೆಕ್ಕೆಜೋಳದ ಎಳೆ ಎಲೆಯಲ್ಲಿ ನಡುನರದ ಎರಡೂ ಪಕ್ಕ ಬಿಳಿಪಟ್ಟೆ ಬೀಳುವುದು, ಗಿಡ ಕುಳ್ಳಗೆ ಕೂತುಬಿಡುವುದು. ಸತುವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ನೀರಿಗೆ ಬೆರೆಸಿ ಎಲೆಗೆ ಹೊಡೆದರೆ ಎಲೆಯೇ ಕುಡಿದುಕೊಳ್ಳುತ್ತದಂತೆ. ಒಂದು ಕೂದಲಿನ ಅಗಲಕ್ಕೆ ಸಾವಿರಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲುತ್ತವಂತೆ. ಹೊಲದ ಅರ್ಧಕ್ಕೆ ಹೊಡೆಯಬೇಕು, ಅರ್ಧಕ್ಕೆ ಹೊಡೆಯಬಾರದು. ಆಗಲೇ ವ್ಯತ್ಯಾಸ ತಿಳಿಯುವುದು. ಭಾವ ಒಪ್ಪಿದರು. ದೊಡ್ಡ ಕೇಂದ್ರದವರು ತಮ್ಮ ಹೊಲವನ್ನೇ ಆರಿಸಿದರು ಅಂತ ಮೀಸೆ ತಿರುವಿಕೊಂಡರು.

ಅಕ್ಕ ಟೀ ತಂದಳು. ಭಾವ ಒಂದು ಗುಟುಕು ಕುಡಿದು, ತಣ್ಣಗಾಗಿದೆ ಅಂತ ಗಾಜಿನ ಲೋಟವನ್ನು ಅವಳ ಮೇಲೆ ಎಸೆದರು. ಅದು ಅವಳ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿದು ಚೂರಾಯಿತು. ಮೇಡಂ ಬರೆಯುವುದನ್ನು ನಿಲ್ಲಿಸಿದರು. ನಾನು ನಕ್ಕು, ನಮ್ಮ ಭಾವನ ಗುರಿ ಮೊದಲಿಂದಲೂ ಸರಿಯಿಲ್ಲ ಮೇಡಂ ಅಂದೆ. ಮೇಡಂ ನಗಲಿಲ್ಲ. ಅಕ್ಕ ಚೂರು ಆರಿಸಿಕೊಂಡು ಒಳಗೆ ಹೋದಳು. ಈ ಬಿಸಿಲಲ್ಲೂ ಮುಂಗೈವರೆಗೆ ತೋಳಿನ ರವಿಕೆ. ಯಾಕೆ ಅಂತ ನನಗೆ ಗೊತ್ತು. ನಾನೇನು ಮಾಡಲಿ. ಹಾವು ಮನೆಗೆ ಬಂದರೂ ಚೀಲಕ್ಕೆ ಹಾಕಿ ಹೊರಗೆ ಬಿಟ್ಟುಬರುವ ಜಾತಿ ನಾನು.

ಜುಲೈ 11, ಶುಕ್ರವಾರ

ಇವತ್ತು ಹೊಡೆದೆವು. ಬಾಟಲಿ ಅಂಗೈಯಷ್ಟು, ಒಳಗೆ ಹಾಲಿನಂಥ ದ್ರವ. ಡ್ರಮ್ಮು ತುಂಬ ನೀರಿಗೆ ಒಂದೆರಡು ಮುಚ್ಚಳ, ಅಷ್ಟೇ. ಇಷ್ಟೇನಾ ಅಂತ ನಾನೇ ಕೇಳಿಬಿಟ್ಟೆ. ಮೇಡಂ ಹೇಳಿದರು: "ಚೂರು ಇದ್ರೆ ಅನ್ನ, ಜಾಸ್ತಿಯಾದ್ರೆ ವಿಷ. ಇದರ ಕಥೆ ಇಷ್ಟೇ." ಇನ್ನೊಂದು ಮಾತೂ ಹೇಳಿದರು. ಸುಮ್ಮನೆ ಬಿಟ್ಟರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಹಿಡಿಯುತ್ತವೆ. ಮೇಲಿನದ್ದು ಬರೀ ನೀರು, ಕೆಳಗಿನದ್ದು ಕೆಸರು. ಹೊಡೆದು ಮುಗಿಯುವ ತನಕ ಕಲಕುತ್ತಲೇ ಇರಬೇಕು.

ಕಲಕುವ ಕೆಲಸ ನನ್ನ ಡ್ರೈವರಿನದು. ಅವನಿಗೆ ಗೊಣಗ ಅಂತಲೇ ಹೆಸರು. ಕಲಕಿದಷ್ಟು ಹೊತ್ತೂ ಗೊಣಗಿದ. ಏನು ಔಷಧಿ ಇದು ಅಂತ ಕೇಳಿದ. ನ್ಯಾನೋ ಸತು ಅಂದೆ. ಟ್ರ್ಯಾಕ್ಟರ್ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ನಾನೂ ಸತ್ತೆ ಅಂತ. ನೀನೂ ಸಾಯಬೇಡ, ನಾನೂ ಸಾಯಲ್ಲ, ಕೈಗವಸು ಇದ್ರೆ ಕೊಡು ಅಂದ. ಮೇಡಂ ಕೂಡ ನಕ್ಕರು. ಒಳ್ಳೆಯ ದಿನ.

ಜುಲೈ 13, ಭಾನುವಾರ

ಟೀ ಅಂಗಡಿಯಲ್ಲಿ ಕೇಳಿದರು, ನಿಮ್ಮ ಭಾವಂದು ಏನಾಯ್ತು ಅಂತ. ನಾನು ಹೊಲದ ಧ್ಯಾನದಲ್ಲೇ ಹೇಳಿದೆ: "ಭಾವಂದು ಅರ್ಧ ಹೊಡೆದಿದ್ದೀನಿ. ಇನ್ನರ್ಧ ಹೊಡೆಯೋ ಹಾಗಿಲ್ಲ, ಮೇಡಂ ಬೇಡ ಅಂದಿದ್ದಾರೆ."

ಅಂಗಡಿಯವನು ಸೌಟು ಕೆಳಗಿಟ್ಟು ನಗತೊಡಗಿದ. ಯಾವ ಅರ್ಧ ಮಾರಾಯ, ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಅಂದ ಒಬ್ಬ. ಪೂರ್ತಿ ಹೊಡೆದರೆ ನಾವೂ ಒಂದು ಕೈ ಹಾಕ್ತೀವಿ ಅಂದ ಇನ್ನೊಬ್ಬ. ಭಾವನ ಕೈ ರುಚಿ ನೋಡದ ಆಳು ಈ ಕಡೆ ಯಾರಿದ್ದಾರೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಹೇಳಿದೆ. ಹೆಂಡತಿಯೂ ನಕ್ಕಳು. ಆಮೇಲೆ, ಇದು ಅವರ ಕಿವಿಗೆ ಬೀಳದಿದ್ದರೆ ಸಾಕು ಅಂದಳು.

ಜುಲೈ 24, ಗುರುವಾರ

ಬಿತ್ತು.

ಹೊಡೆದ ಅರ್ಧ ಹಸಿರು ಉಕ್ಕುತ್ತಿದೆ. ಹೊಸ ಎಲೆಯಲ್ಲಿ ಪಟ್ಟೆಯೇ ಇಲ್ಲ. ಹೊಡೆಯದ ಅರ್ಧ ಹಾಗೇ ಸೋತು ನಿಂತಿದೆ, ಅದೂ ದಾರಿಯ ಕಡೆಗೆ. ಹೋಗಿಬರುವವರೆಲ್ಲ ನೋಡಿ, ಪಂಪು ಅರ್ಧ ಬಾಕಿ ಇಟ್ಟಿದ್ದಾನೆ ಅಂತ ಹೇಳಿ ನಗುತ್ತಾರೆ. ಯಾರೋ ಅದನ್ನು ಭಾವನ ಮುಖಕ್ಕೇ ಅಂದಿದ್ದಾರೆ. ಭಾವ ಮನೆಗೆ ಹೋದವರೇ ಅಕ್ಕನ ಜಡೆ ಹಿಡಿದು, ನಿನ್ನ ತಮ್ಮ ನನ್ನನ್ನು ಹೊಡೀತಾನಂತೆ, ಅರ್ಧ ಹೊಡೆದೂ ಆಯ್ತಂತೆ ಅಂತ ಬಾಗಿಲಿಗೆ ಮುಖ ಕುಟ್ಟಿದ್ದಾರೆ. ಮುಂದಿನ ಹಲ್ಲು ಹೋಗಿದೆ. ತುಟಿ ಒಡೆದಿದೆ.

ನಾನು ಓಡಿಹೋಗಿ ಬಿಡಿಸಿ ಹೇಳಿದೆ. ಭಾವ, ಅದು ಔಷಧಿ ಹೊಡೆಯೋ ಮಾತು, ಮನುಷ್ಯರನ್ನು ಹೊಡೆಯೋ ಮಾತಲ್ಲ ಅಂತ. ನನ್ನ ಮಾತು ನನಗೇ ಬೆಪ್ಪಾಗಿ ಕೇಳಿಸಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನಗೆ ಗೊತ್ತು ಕಣೋ ಭಾಮೈದ, ನಿನ್ನ ಕೈಲಿ ಅದು ಎಲ್ಲಾಗುತ್ತೆ ಅಂದರು. ಗೊತ್ತಿದ್ದೂ ಹೊಡೆದರು. ಅಕ್ಕ ಬಾಯಿಗೆ ಬಟ್ಟೆ ಒತ್ತಿಕೊಂಡು, ಹೋಗು ಅಂತ ಕಣ್ಣಲ್ಲೇ ಹೇಳಿದಳು. ನಮ್ಮನೆಗೆ ಬಾ ಅಂದೆ. ತಲೆ ಅಲ್ಲಾಡಿಸಿದಳು. ಬಂದುಬಿಟ್ಟೆ.

ಹೇಗಾದರೂ ಅವಳನ್ನು ಆ ಮನೆಯಿಂದ ಬಿಡಿಸಬೇಕು. ಇನ್ನು ಬೇರೆ ಯೋಚನೆ ಇಲ್ಲ.

ಜುಲೈ 26, ಶನಿವಾರ

ಭಾವ ನನ್ನ ಶೆಡ್ಡಿನ ಬೀಗ ಒಡೆದು ಉಳಿದ ಔಷಧಿಯ ಬಾಟಲಿ ತೆಗೆದುಕೊಂಡು ಹೋಗಿ, ಬಾಕಿ ಅರ್ಧಕ್ಕೆ ತಾವೇ ಹೊಡೆದಿದ್ದಾರೆ. ಒಂದು ಡ್ರಮ್ಮಿಗೆ ಇಡೀ ಬಾಟಲಿ. ಮುಚ್ಚಳದ ಲೆಕ್ಕ ಹೆಂಗಸರಿಗೆ ಅಂದರಂತೆ. ಕಲಕಿಲ್ಲ. ಕೊನೆಯ ಸಾಲುಗಳಿಗೆ ಹೋದದ್ದು ಬರೀ ಕೆಸರು.

ಮೇಡಂಗೆ ಫೋನ್ ಮಾಡಿದೆ. ಅಯ್ಯೋ ಅಂದರು.

ಆಗಸ್ಟ್ 1, ಶುಕ್ರವಾರ

ಇವತ್ತು ನಡೆದದ್ದನ್ನು ಬರೆದಿಡುತ್ತೇನೆ.

ಮೊದಲು ಎಲೆಯ ಅಂಚು ಕಂದಿತು, ಆಮೇಲೆ ಸುಳಿ ಸುಟ್ಟಿತು. ಇವತ್ತು ಬೆಳಗ್ಗೆ ದಾರಿಯ ಕಡೆಯ ಅರ್ಧ ಬೆಂಕಿ ಹಾಯಿಸಿದ ಹಾಗೆ ನಿಂತಿತ್ತು. ನಾನೂ ಗೊಣಗನೂ ಪಕ್ಕದ ಹೊಲದಲ್ಲಿ ಹೊಡೆಯುತ್ತಿದ್ದೆವು. ಕಿರುಚಾಟ ಕೇಳಿಸಿತು. ಹೋಗಿ ನೋಡಿದರೆ ಭಾವ ಅಕ್ಕನನ್ನು ಕೂದಲು ಹಿಡಿದು ಸಾಲಿನ ಮಧ್ಯೆ ಎಳೆದುಕೊಂಡು ಬರುತ್ತಿದ್ದಾರೆ. ಒಣಗಿದ ಮೆಕ್ಕೆಜೋಳದ ಎಲೆ ಬ್ಲೇಡಿನ ಹಾಗೆ. ಅವಳ ಮುಖ, ಕತ್ತು, ಕೈ ತುಂಬ ಸಣ್ಣ ಸಣ್ಣ ಗೀರು, ಪ್ರತಿ ಗೀರಿನಲ್ಲೂ ರಕ್ತದ ದಾರ. ನಿನ್ನ ತಮ್ಮನ ವಿಷ, ನೀನೇ ಕುಡಿ ಅನ್ನುತ್ತ ಅವಳನ್ನು ಹೊಲದಲ್ಲೇ ಬಿಟ್ಟಿದ್ದ ತನ್ನ ಡ್ರಮ್ಮಿನ ಹತ್ತಿರ ಕೆಡವಿ, ಎದೆಯ ಮೇಲೆ ಮಂಡಿಯೂರಿ, ತಳದ ಬಿಳಿ ಕೆಸರನ್ನು ಬೊಗಸೆಯಲ್ಲಿ ತೆಗೆದು ಅವಳ ಬಾಯಿಗೆ ತುರುಕಿದ. ಹಲ್ಲಿಲ್ಲದ ಆ ಸಂದಿಗೆ ಬೆರಳು ಹಾಕಿ ಬಾಯಿ ಅಗಲಿಸಿದ.

ನನ್ನ ಕೈಯಲ್ಲಿ ಗನ್ನು ಇತ್ತು. ಗನ್ನು ಅಂದರೆ ಔಷಧಿ ಚಿಮ್ಮಿಸುವ ಉದ್ದನೆ ಹಿತ್ತಾಳೆ ಕೊಳವೆ, ಅಷ್ಟೇ. ಮೊದಲನೆಯದು ಬೆನ್ನಿಗೆ ಬಿತ್ತು. ಅವನು ತಿರುಗಿದ. ಎರಡನೆಯದು ಮುಖಕ್ಕೆ. ಕೆನ್ನೆಯ ಮೂಳೆ ಒಡೆದ ಸದ್ದು ಒಣ ಕಡ್ಡಿ ಮುರಿದ ಹಾಗಿತ್ತು. ಅವನು ಬಿದ್ದ. ಬಿದ್ದ ಮೇಲೂ ಹೊಡೆದೆ. ಕೈಯೆತ್ತಿ ಮುಖ ಮುಚ್ಚಿಕೊಂಡ, ಆ ಕೈಗೆ ಹೊಡೆದೆ. ಕೊಳವೆ ಬಗ್ಗಿತು, ಬಗ್ಗಿದ್ದರಲ್ಲೇ ಹೊಡೆದೆ. ಎಷ್ಟು ಹಗುರ ಅನ್ನಿಸಿತು. ಸಾಕು ಕಣೋ ಅಂತ ಅಕ್ಕ ಕೂಗಿದ್ದು ಆಮೇಲೆ ನೆನಪಾಯಿತು. ಆಗ ಕೇಳಿಸಲಿಲ್ಲ. ಗೊಣಗ ಹಿಂದಿನಿಂದ ತಬ್ಬಿ ಎಳೆದ. ಅವನಿಗೂ ಮೊಣಕೈಯಲ್ಲಿ ಒಂದು ಬಿತ್ತು.

ಅಕ್ಕನ ಬಾಯಿ ತೊಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಹೆಚ್ಚು ಇಳಿದಿಲ್ಲ ಅಂದರು ಡಾಕ್ಟರು. ಅವನನ್ನು ಇನ್ಯಾರೋ ಹೊತ್ತುಕೊಂಡು ಹೋದರು.

ಆಗಸ್ಟ್ 3, ಭಾನುವಾರ

ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಕಿಟಕಿ ಪಕ್ಕದ ಕೋಣೆ ಕೊಟ್ಟಿದ್ದೇವೆ. ಬಂತು ನೋಡು ಆ ದಿನ.

ಅವನ ಒಂದು ಕಣ್ಣು ಹೋಯಿತಂತೆ. ಪೊಲೀಸರು ಕೇಳಿದ್ದಕ್ಕೆ, ಜಾರಿ ಪಂಪಿನ ಮೇಲೆ ಬಿದ್ದೆ ಅಂತ ಬರೆಸಿದ್ದಾನೆ. ಭಾಮೈದನ ಕೈಲಿ ಹೊಡೆಸಿಕೊಂಡೆ ಅಂತ ಹೇಳಿಕೊಳ್ಳಲು ನಾಚಿಕೆ.

ಟೀ ಅಂಗಡಿಗೆ ಹೋದರೆ ಬೆಂಚಿನಲ್ಲಿದ್ದವರು ಎದ್ದು ಜಾಗ ಬಿಟ್ಟರು. ಬಾಕಿ ಅರ್ಧ ಮುಗಿಸಿದೆಯಲ್ಲ ಪಂಪು ಅಂದ ಒಬ್ಬ. ಈ ಸಲ ಯಾರೂ ಜೋರಾಗಿ ನಗಲಿಲ್ಲ. ನಾನೇ ನಕ್ಕೆ. ಅಂಗಡಿಯವನು ಟೀಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಇಷ್ಟು ದಿನ ಎಲ್ಲರನ್ನೂ ನಗಿಸಿದ್ದಕ್ಕೆ ಸಿಗದ ಮರ್ಯಾದೆ ಒಂದೇ ದಿನಕ್ಕೆ ಸಿಕ್ಕಿತು. ಒಳ್ಳೆ ನಿದ್ದೆ ಬರುತ್ತಿದೆ.

ಆಗಸ್ಟ್ 12, ಮಂಗಳವಾರ

ಬಗ್ಗಿದ ಗನ್ನನ್ನು ರಿಪೇರಿಯವನು ನೆಟ್ಟಗೆ ಮಾಡಿಕೊಟ್ಟ.

ಗೊಣಗ ಇವತ್ತು ಕಲಕುವುದು ಬಿಟ್ಟು ಬದುವಿನ ಮೇಲೆ ಕೂತು ಯಾರ ಹತ್ತಿರವೋ ಹರಟುತ್ತಿದ್ದ. ಕೂಗಿದೆ, ಬಂದೆ ಬಂದೆ ಅಂದ. ಹೋಗಿ ಕೆನ್ನೆಗೆ ಒಂದು ಕೊಟ್ಟೆ. ಒಂದೇ ಒಂದು. ಆಮೇಲೆ ನೋಡಬೇಕು, ಡ್ರಮ್ಮು ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ, ಒಂದು ಸಲವೂ ಗೊಣಗಲಿಲ್ಲ. ಮೇಡಂ ಹೇಳಿದ್ದು ಮನುಷ್ಯನಿಗೂ ಸರಿ. ಚೂರು ಬೇಕಾಗುತ್ತದೆ. ಅದು ಒಳಗೆ ಇಲ್ಲದಿದ್ದರೆ ಆಳು ಬಿಳಿಪಟ್ಟೆ ಬಿದ್ದ ಗಿಡದ ಹಾಗೆ ಸೋತುಕೊಂಡಿರುತ್ತಾನೆ. ನಾನೂ ಹಾಗೇ ಇದ್ದೆನಲ್ಲ ಇಷ್ಟು ವರ್ಷ.

ಆಗಸ್ಟ್ 20, ಬುಧವಾರ

ಮೇಡಂ ಮನೆಗೆ ಬಂದಿದ್ದರು. ಸುಟ್ಟ ಅರ್ಧವನ್ನೂ ಅಳೆಯಬೇಕಂತೆ. ಎಷ್ಟು ಹೊಡೆದರೆ ಹೆಚ್ಚು ಅನ್ನುವುದೂ ಗೊತ್ತಾಗಬೇಕಲ್ಲ ಅಂದರು. ಆ ಹೊಲದಲ್ಲಿ ನಮ್ಮಕ್ಕನ ಪ್ರಾಣ ಹೋಗುತ್ತಿತ್ತು, ನೀವು ಎಲೆ ಅಳೆಯಲು ಬಂದಿದ್ದೀರಾ ಅಂತ ಕೂಗಿದೆ. ಅವರ ಅಳತೆಪಟ್ಟಿ ಕಿತ್ತುಕೊಂಡು ಎರಡು ತುಂಡು ಮಾಡಿದೆ. ಅವರು ತಲೆ ಬಗ್ಗಿಸಿ ಚೀಲ ಎತ್ತಿಕೊಂಡರು. ಹೋಗುವಾಗ ಅಕ್ಕನ ಹತ್ತಿರ ಸ್ವಲ್ಪ ಹೊತ್ತು ನಿಂತು ಏನೋ ಮಾತಾಡಿದರು.

ಮನೆ ಈಗ ತಣ್ಣಗಿದೆ. ಮೊದಲೆಲ್ಲ ನಾನು ಊಟಕ್ಕೆ ಕೂತರೆ ಹೆಂಡತಿ ಎದುರಿಗೆ ಕೂತು ಊರ ಕಥೆಯೆಲ್ಲ ಹೇಳಿ ತಲೆ ತಿನ್ನುತ್ತಿದ್ದಳು. ಈಗ ಬಡಿಸಿ ಒಳಗೆ ಹೋಗುತ್ತಾಳೆ. ಅಕ್ಕನೂ ಅಷ್ಟೆ, ಇದ್ದಾಳೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಸಂಜೆ ಅಕ್ಕ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕತ್ತಲಾಗುತ್ತಿದೆಯಲ್ಲ ಅಂತ ಲೈಟು ಹಾಕಲು ಅವಳ ತಲೆಯ ಮೇಲಿಂದ ಕೈ ಚಾಚಿದೆ. ತಟ್ಟನೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮೂಲೆಗೆ ಸರಿದಳು. ಪಾಪ. ಆ ಮನುಷ್ಯನ ಭಯ ಇನ್ನೂ ಹೋಗಿಲ್ಲ. ಅವನ ಇನ್ನೊಂದು ಕಣ್ಣನ್ನೂ ತೆಗೆಯಬೇಕಿತ್ತು.

ಆಗಸ್ಟ್ 31, ಭಾನುವಾರ

ಹೆಂಡತಿಯ ಬೆರಳು ಬಾಗಿಲಿಗೆ ಸಿಕ್ಕಿತು. ನಾನು ಬಾಗಿಲು ಸ್ವಲ್ಪ ಜೋರಾಗಿ ಹಾಕಿದೆ, ಅಷ್ಟೇ. ಅವಳು ಯಾಕೆ ಅಲ್ಲಿ ಕೈ ಇಟ್ಟಳು. ಮಾತಾಡುವುದಿದ್ದರೆ ನಾನು ಕೋಪದಲ್ಲಿ ಇಲ್ಲದಾಗ ಮಾತಾಡಬೇಕು. ಗೊಣಗನನ್ನು ನಿನ್ನೆ ಯಾಕೆ ಹಾಗೆ ಒದ್ದಿರಿ ಅಂತ ಕೇಳಲು ಬಂದಿದ್ದಳು.

ಅಕ್ಕ ಬಟ್ಟೆ ಹರಿದು ಬೆರಳಿಗೆ ಕಟ್ಟಿದಳು. ಅಚ್ಚುಕಟ್ಟಾಗಿ ಕಟ್ಟುತ್ತಾಳೆ.

ಸೆಪ್ಟೆಂಬರ್ 9, ಮಂಗಳವಾರ

ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಚಿಲಕ. ಒಲೆ ಒರೆಸಿ ಇಟ್ಟಿದ್ದಾರೆ. ಅನ್ನ ಮುಚ್ಚಿಟ್ಟಿದ್ದಾರೆ. ಇಬ್ಬರ ಬಟ್ಟೆಯೂ ಇಲ್ಲ.

ಅಂಗಡಿಯವನು ಹೇಳಿದ. ಸಂಶೋಧನಾ ಕೇಂದ್ರದ ಗಾಡಿ ಬಂದಿತ್ತಂತೆ. ಮೇಡಂ ಅಕ್ಕನಿಗೆ ಅಲ್ಲಿನ ಗಿಡದ ಕೆಲಸ ಕೊಡಿಸಿದ್ದಾರಂತೆ, ಇರಲು ಒಂದು ಕೋಣೆಯೂ ಇದೆಯಂತೆ. ನನ್ನವಳೂ ಜೊತೆಗೆ ಹೋದಳಂತೆ. ಇವತ್ತು ಕೆಲಸಕ್ಕೆ ಬಾರದ ಗೊಣಗನೇ ಗಂಟು ಎತ್ತಿ ಗಾಡಿಗೆ ಇಟ್ಟನಂತೆ. ಇಷ್ಟನ್ನು ಹೇಳುವಷ್ಟರಲ್ಲಿ ಅಂಗಡಿಯವನು ಒಲೆಯ ಆ ಕಡೆಗೆ ಸರಿದು ನಿಂತಿದ್ದ.

ಬೆಂಚಿನ ಕೊನೆಯಲ್ಲಿ ಭಾವ ಕೂತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವರನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಒಂದು ಕಣ್ಣಿನ ಮೇಲೆ ಹತ್ತಿ ಅಂಟಿಸಿದೆ, ಕೆನ್ನೆ ಒಳಗೆ ಹೋಗಿದೆ. ಹಾಗೇ ಹಿಂದಿರುಗಿಬಿಡಬೇಕು ಅಂದುಕೊಂಡೆ. ಅವರು ಪಕ್ಕಕ್ಕೆ ಸರಿದು ಬೆಂಚು ತಟ್ಟಿದರು.

"ಬಾ ಭಾಮೈದ, ಕೂತ್ಕೋ. ನಿನ್ನವಳೂ ಹೋದಳಂತೆ."

ಕೂತೆ. ಅವರೇ ನನಗೂ ಒಂದು ಟೀ ಹೇಳಿದರು. ಹೆಂಗಸರಿಗೆ ಎಷ್ಟು ಮಾಡಿದರೂ ಅಷ್ಟೇ, ಕಾಪಾಡುವವನು ಯಾರು ಅಂತ ಗೊತ್ತಾಗುವುದೇ ಇಲ್ಲ ಅಂದರು. ನಾನು ಹೌದು ಅಂದೆ. ನಮ್ಮಿಬ್ಬರನ್ನೂ ನೋಡಿ ಬೆಂಚಿನಲ್ಲಿದ್ದ ಮಿಕ್ಕವರು ಒಬ್ಬೊಬ್ಬರೇ ಎದ್ದುಹೋದರು. ಕೂರಲು ಜಾಗ ಅಗಲವಾಯಿತು. ಭಾವ ತುಂಬ ಇಳಿದುಹೋಗಿದ್ದಾರೆ. ಮಾತಾಡಿಸಿದರೆ ಅಂಥ ಕೆಟ್ಟ ಮನುಷ್ಯರೇನಲ್ಲ.

ಸೆಪ್ಟೆಂಬರ್ 21, ಭಾನುವಾರ

ಇವತ್ತು ಅವರಿಬ್ಬರನ್ನೂ ಕರೆದುಕೊಂಡು ಬರಲು ಹೋದೆ. ಒಬ್ಬನೇ ಹೋದೆ. ಜೊತೆಗೆ ಬರುತ್ತೇನೆ ಅಂದರು ಭಾವ, ನಾನೇ ಬೇಡ ಅಂದೆ.

ಕೇಂದ್ರದ ಹಿಂಭಾಗದಲ್ಲಿ ಕೆಲಸದವರ ಕೋಣೆಗಳ ಸಾಲು ಇದೆ. ಮುಂದುಗಡೆ ಕುಂಡಗಳಲ್ಲಿ ಜೋಳದ ಸಸಿ, ಪ್ರತಿಯೊಂದಕ್ಕೂ ಒಂದು ಚೀಟಿ. ಕಾವಲಿನವನು ಮೂರನೆಯ ಬಾಗಿಲು ತೋರಿಸಿದ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಯೋಚಿಸಿಕೊಂಡೇ ಬಂದಿದ್ದೆ. ಮೊದಲು ಸಮಾಧಾನವಾಗಿ ಹೇಳುವುದು. ಕೇಳದಿದ್ದರೆ ಆಮೇಲೆ ನೋಡಿಕೊಳ್ಳುವುದು.

ಬಾಗಿಲ ಹತ್ತಿರ ಹೋದರೆ ಒಳಗೆ ನಗು. ಮೊದಲು ಯಾರೆಂದು ತಿಳಿಯಲಿಲ್ಲ. ಹೆಂಡತಿ ಏನೋ ಕಥೆ ಹೇಳುತ್ತಿದ್ದಳು. ಯಾರದೋ ಮಾತಿನ ಧಾಟಿ ಎಳೆದು ಅಣಕಿಸುತ್ತಿದ್ದಳು. ಅದಕ್ಕೆ ಅಕ್ಕ ನಗುತ್ತಿದ್ದಳು. ಉಸಿರು ಸಿಕ್ಕಿಕೊಳ್ಳುವ ಹಾಗೆ, ಸಾಕು ಕಣೇ, ತುಟಿ ನೋಯುತ್ತೆ ಅಂತ ಹೇಳಿಕೊಂಡು ನಗುತ್ತಿದ್ದಳು. ಚಿಕ್ಕವರಿದ್ದಾಗ ಅವಳು ಹೀಗೆ ನಗುತ್ತಿದ್ದಳು. ನಾನು ನಗಿಸುತ್ತಿದ್ದೆ.

ಕದ ತಟ್ಟಿದೆ.

ನಗು ನಿಂತಿತು. ದೀಪ ಆರಿಸಿದ ಹಾಗೆ ಒಂದೇ ಸಲಕ್ಕೆ. ಪಾತ್ರೆಯೊಂದನ್ನು ಮೆಲ್ಲಗೆ ಕೆಳಗಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಇಬ್ಬರೂ ಉಸಿರು ಹಿಡಿದು ನಿಂತಿದ್ದಾರೆ ಅಂತ ಗೊತ್ತಾಗುತ್ತಿತ್ತು.

ನಾನು ಬಂದಿದ್ದೀನಿ ಅಂದೆ. ಬಾಗಿಲಿನ ಆ ಕಡೆಯಿಂದ, ತೀರ ಹತ್ತಿರದಿಂದ ಅಕ್ಕನ ದನಿ ಬಂತು.

"ನೀನಾ. ಹೆಜ್ಜೆ ಸದ್ದಿಗೆ ಅವರೇ ಬಂದ್ರು ಅಂದ್ಕೊಂಡೆ ಕಣೋ."

ಅಲ್ಲ ಅಕ್ಕ, ನಾನೇ ಅಂದೆ. ಚಿಲಕ ತೆಗೆಯುತ್ತಾಳೆ ಅಂತ ಕಾದೆ. ಭಾವನದು ಭಾರಿ ದೇಹ, ನೆಲ ಅದುರುವ ಹಾಗೆ ನಡೆಯುತ್ತಾರೆ. ನಾನು ಸಣಕಲ. ನನ್ನ ಹೆಜ್ಜೆ ಕೇಳಿ ಅವಳಿಗೆ ಹೇಗೆ ಹಾಗನ್ನಿಸಿತೋ.

ಚಿಲಕದ ಸದ್ದಾಗಲಿಲ್ಲ. ಇನ್ನೊಮ್ಮೆ ತಟ್ಟಲು ಕೈ ಎತ್ತಿದೆ. ಎತ್ತಿದ ಕೈ ಮುಷ್ಟಿ ಹಿಡಿದಿತ್ತು. ಅದನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ, ಕಾವಲಿನವನು ಬಂದು ಏನು ಸ್ವಾಮಿ ಅಂದ.

ಏನಿಲ್ಲ ಅಂದೆ. ಹಿಂದಿರುಗಿ ನಡೆದೆ, ಆದಷ್ಟೂ ಸದ್ದಾಗದ ಹಾಗೆ. ಕುಂಡಗಳ ಸಾಲು ದಾಟುವ ತನಕ ಕಿವಿಗೊಟ್ಟಿದ್ದೆ. ಅವರು ಮತ್ತೆ ನಗಲಿಲ್ಲ. ನಾನು ಪೂರ್ತಿ ಹೋದೆ ಅಂತ ಖಾತ್ರಿಯಾಗಲು ಇನ್ನೂ ಎಷ್ಟು ದೂರ ಹೋಗಬೇಕಿತ್ತೋ.